ಕೋಟಿ ಅವರು ಕೊಡುತ್ತಾರೆ, ಅರ್ಜಿಯ ಹಣ ಯಾರು ಕೊಡುವುದು?

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚು ಕಡಿಮೆ ಒಂದೇ ತರ. ಮಾರ್ಕ್ ಒಳ್ಳೆಯದಿದ್ದರೆ ಮೆಡಿಕಲ್, ಸಿಗದಿದ್ದರೆ ಇಂಜಿನಿಯರಿಂಗ್, ಅದೂ ಬೇಡವೆಂದರೆ ಬಿ.ಕಾಂ. ಮುಗಿಸಿ ಗಲ್ಫ್. ಇದರ ನಡುವೆ ಮಗನೋ ಮಗಳೋ "ನನಗೆ ಬಿ.ಎಸ್ಸಿ. ಮ್ಯಾತ್ಸ್ ಮಾಡಬೇಕು" ಎಂದು ಬಾಯಿ ಬಿಟ್ಟರೆ ಒಂದು ಕ್ಷಣ ಮೌನ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮ್ಯಾತ್ಸ್ ಕಲಿತು ಎಂತ ಮಾಡುವುದು? ಟ್ಯೂಷನ್ ಕೊಡುವುದಾ?"

ಈ ಪ್ರಶ್ನೆಗೆ ಒಂದು ಉತ್ತರ ಉಂಟು, ಅದು ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. ಜಗತ್ತಿನ ಒಳ್ಳೆಯ ಯೂನಿವರ್ಸಿಟಿಗಳಲ್ಲಿ ಗಣಿತದ ಪಿಎಚ್.ಡಿ.ಗೆ ಸೀಟು ಸಿಕ್ಕಿದರೆ ಸಾಮಾನ್ಯವಾಗಿ ವಿದ್ಯಾರ್ಥಿ ಫೀಸ್ ಕಟ್ಟುವುದಿಲ್ಲ. ಯೂನಿವರ್ಸಿಟಿಯೇ ಅವನಿಗೆ ಹಣ ಕೊಡುತ್ತದೆ. ಜಾಗ ಮಾರಬೇಕಾಗಿಲ್ಲ, ಉಮ್ಮನ ಚಿನ್ನ ಅಡವಿಡಬೇಕಾಗಿಲ್ಲ. ಬಡ್ಡಿ ಸಾಲ ಬೇಡವೆಂದು ಎಜುಕೇಶನ್ ಲೋನಿನಿಂದ ದೂರ ನಿಲ್ಲುವ ಮನೆಗಳಿಗೂ ಈ ದಾರಿ ತೆರೆದಿದೆ. ಆದರೆ ಆ ಬಾಗಿಲ ತನಕ ಹೋಗಲು ಬೇಕಾದದ್ದು ಬೇರೆಯೇ, ಮತ್ತು ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಅಲ್ಲಿ.

ಪೂರ್ಣ ಸ್ಕಾಲರ್‌ಶಿಪ್ ಎಂದರೆ ಯಾವುದು?

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಮಾಸ್ಟರ್ಸ್ ಬೇರೆ, ಪಿಎಚ್.ಡಿ. ಬೇರೆ. ಮಾಸ್ಟರ್ಸ್‌ಗೆ ಹೆಚ್ಚಿನ ಕಡೆ ನಾವೇ ಹಣ ಕಟ್ಟಬೇಕು. ಏಜೆಂಟರ ಆಫೀಸಿನಲ್ಲಿ "ನಿಮಗೆ ಸ್ಕಾಲರ್‌ಶಿಪ್ ಉಂಟು" ಎಂದು ಹೇಳುವುದು ಹೆಚ್ಚಾಗಿ ಇಂಥ ಕೋರ್ಸಿನ ಫೀಸಿನಲ್ಲಿ ಸ್ವಲ್ಪ ರಿಯಾಯಿತಿಗೆ. 30 ಲಕ್ಷದಲ್ಲಿ 3 ಲಕ್ಷ ಕಡಿಮೆ ಮಾಡಿದರೆ ಅದು ಸ್ಕಾಲರ್‌ಶಿಪ್ ಅಲ್ಲ ಮಾರಾಯ್ರೆ, ಡಿಸ್ಕೌಂಟ್.

ಗಣಿತದ ಪಿಎಚ್.ಡಿ. ಲೆಕ್ಕವೇ ಬೇರೆ. ಅಮೆರಿಕದಲ್ಲಿ ಸೀಟು ಕೊಡುವಾಗ ಸಾಮಾನ್ಯವಾಗಿ ಮೂರು ಸಂಗತಿ ಒಟ್ಟಿಗೆ ಬರುತ್ತದೆ. ಫೀಸ್ ಮನ್ನಾ, ತಿಂಗಳ ಸ್ಟೈಪೆಂಡ್ ಮತ್ತು ಆರೋಗ್ಯ ವಿಮೆಯಲ್ಲಿ ನೆರವು. ಸ್ಟೈಪೆಂಡ್ ವರ್ಷಕ್ಕೆ ಸಾಮಾನ್ಯವಾಗಿ 20 ಸಾವಿರ ಡಾಲರ್‌ಗಿಂತ ಮೇಲೆ, ಯೂನಿವರ್ಸಿಟಿ ಮತ್ತು ಊರು ನೋಡಿ ಹೆಚ್ಚು ಕಡಿಮೆ. ಐದಾರು ವರ್ಷದ ಫೀಸ್ ಮತ್ತು ಸ್ಟೈಪೆಂಡ್ ಒಟ್ಟು ಹಾಕಿದರೆ ರೂಪಾಯಿಯಲ್ಲಿ ಕೋಟಿ ದಾಟುತ್ತದೆ.

ಇದು ದಾನವೂ ಅಲ್ಲ. ಅಲ್ಲಿ ಇಂಜಿನಿಯರಿಂಗ್, ಕಾಮರ್ಸ್, ಬಯಾಲಜಿ ಓದುವ ಸಾವಿರಾರು ಮಕ್ಕಳು ಕ್ಯಾಲ್ಕುಲಸ್ ಕಲಿಯಲೇಬೇಕು. ಅವರಿಗೆ ಲೆಕ್ಕ ಬಿಡಿಸಿ ತೋರಿಸಲು, ಉತ್ತರ ಪತ್ರಿಕೆ ತಿದ್ದಲು ಜನ ಬೇಕು. ಆ ಕೆಲಸವನ್ನು ಪಿಎಚ್.ಡಿ. ವಿದ್ಯಾರ್ಥಿಗಳು 'ಟೀಚಿಂಗ್ ಅಸಿಸ್ಟೆಂಟ್' ಆಗಿ ಮಾಡುತ್ತಾರೆ. ವೀಸಾ ನಿಯಮದ ಪ್ರಕಾರ ತರಗತಿ ನಡೆಯುವ ದಿನಗಳಲ್ಲಿ ಈ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. "ಟ್ಯೂಷನ್ ಕೊಡುವುದಾ?" ಎಂದು ಕೇಳಿದ ನೆಂಟರಿಗೆ, ಹೌದು, ಒಂದು ಲೆಕ್ಕದಲ್ಲಿ ಅದೇ ಎಂದು ಹೇಳಬಹುದು.

ಯುರೋಪಿನ ದಾರಿಗಳು

ಅಮೆರಿಕವೊಂದನ್ನೇ ನಂಬಿ ಕೂರುವ ಕಾಲ ಇದಲ್ಲ. 2025ರಲ್ಲಿ ಅಲ್ಲಿ ಸಂಶೋಧನೆಗೆ ಸಿಗುವ ಸರಕಾರಿ ಹಣಕ್ಕೆ ಕತ್ತರಿ ಬಿದ್ದು, ಹಲವು ಯೂನಿವರ್ಸಿಟಿಗಳು ಪಿಎಚ್.ಡಿ. ಸೀಟು ಕಡಿಮೆ ಮಾಡಿದವು.

ಯುರೋಪಿಯನ್ ಯೂನಿಯನ್‌ನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಮಾಸ್ಟರ್ಸ್‌ಗೇ ಸಿಗುತ್ತದೆ. ಆಯ್ಕೆಯಾದವರಿಗೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ, 24 ತಿಂಗಳ ತನಕ. ಓದುವುದು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ.

ಜರ್ಮನಿಯ ಬಗ್ಗೆ "ಅಲ್ಲಿ ಫ್ರೀ" ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಹೆಚ್ಚಿನ ಸರಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸ್ ಇಲ್ಲ ಎನ್ನುವುದು ನಿಜ. ಆದರೆ ಮೊದಲ ವರ್ಷದ ಖರ್ಚಿಗೆ ಬ್ಯಾಂಕಿನಲ್ಲಿ ಹಣ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋ ಆಯಿತು, ಅಂದರೆ ನಮ್ಮ ಹತ್ತು ಲಕ್ಷಕ್ಕೂ ಮೇಲೆ. ಸ್ಕಾಲರ್‌ಶಿಪ್ ಸಿಕ್ಕಿದವರಿಗೆ ಈ ತಲೆಬಿಸಿ ಇಲ್ಲ. ಬರ್ಲಿನ್ ಮ್ಯಾಥಮೆಟಿಕಲ್ ಸ್ಕೂಲ್, ಡಿಎಎಡಿ ಇಂಥವುಗಳ ಸ್ಕಾಲರ್‌ಶಿಪ್‌ಗಳನ್ನು ನೋಡಬೇಕಾದದ್ದು ಅದಕ್ಕೇ.

ಇಟಲಿಯ ಟ್ರಿಯೆಸ್ಟ್ ಎಂಬ ಕಡಲ ತೀರದ ಊರಿನಲ್ಲಿ ಐಸಿಟಿಪಿ ಎಂಬ ಸಂಸ್ಥೆ ಇದೆ. ಅಭಿವೃದ್ಧಿಶೀಲ ದೇಶಗಳ ಯುವಕರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಸಂಸ್ಥೆ. ಅಲ್ಲಿ ಗಣಿತದಲ್ಲಿ ಒಂದು ವರ್ಷದ ಡಿಪ್ಲೊಮಾ ಉಂಟು. ಫೀಸ್ ಇಲ್ಲ, ವಾಸದ ಖರ್ಚಿಗೆ ಸ್ಟೈಪೆಂಡ್ ಇದೆ. ಅಲ್ಲಿ ಚೆನ್ನಾಗಿ ಮಾಡಿದವರು ಮುಂದೆ ಪಿಎಚ್.ಡಿ.ಗೆ ಹೋಗುತ್ತಾರೆ.

ಸಲಾಂ ಕಥೆಯ ಪಾಠ

ಈ ಸಂಸ್ಥೆ ಹುಟ್ಟಿದ ಕಥೆಯನ್ನು ಹೇಳಲೇಬೇಕು. 1964ರಲ್ಲಿ ಅದನ್ನು ಕಟ್ಟಿದವರು ಅಬ್ದುಸ್ ಸಲಾಂ, 1979ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅವರು ಪಂಜಾಬಿನ ಝಂಗ್ ಎಂಬ ಊರಿನ ಹುಡುಗ, ಲಾಹೋರಿನಲ್ಲಿ ಗಣಿತ ಓದಿದವರು. ಎರಡನೇ ಮಹಾಯುದ್ಧಕ್ಕೆಂದು ಪಂಜಾಬ್ ಸರಕಾರ ಕೂಡಿಸಿದ್ದ ಹಣ ಯುದ್ಧ ಮುಗಿದಾಗ ಉಳಿದುಹೋಯಿತು. ಅದರಲ್ಲಿ ಸಣ್ಣ ರೈತರ ಮಕ್ಕಳಿಗೆ ವಿದೇಶದಲ್ಲಿ ಓದಲು ಐದು ಸ್ಕಾಲರ್‌ಶಿಪ್ ಇಟ್ಟರು. ಸಲಾಂ ಅರ್ಜಿ ಮೊದಲೇ ಕಳಿಸಿಟ್ಟಿದ್ದರು. ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಕೊನೆಯ ಗಳಿಗೆಯಲ್ಲಿ ಒಂದು ಸೀಟು ಖಾಲಿಯಾಯಿತು, 1946ರಲ್ಲೇ ಹಡಗು ಹತ್ತಿದರು. ಉಳಿದ ನಾಲ್ವರಿಗೆ ಮುಂದಿನ ವರ್ಷದ ಪ್ರವೇಶ. ಆ ಮುಂದಿನ ವರ್ಷ 1947. ದೇಶ ವಿಭಜನೆಯಾಯಿತು, ಸ್ಕಾಲರ್‌ಶಿಪ್ ಯೋಜನೆಯೇ ಇಲ್ಲವಾಯಿತು.

ಸಲಾಂ ಪ್ರತಿಭಾವಂತರು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿ ಸಮಯಕ್ಕೆ ಸರಿಯಾಗಿ ಹೋಗಿರದಿದ್ದರೆ? ಅಮೆರಿಕದ ಗಣಿತ ವಿಭಾಗಗಳ ಕೊನೆಯ ದಿನಾಂಕ ಹೆಚ್ಚಾಗಿ ಡಿಸೆಂಬರ್ ಮತ್ತು ಜನವರಿ. ತರಗತಿ ಶುರುವಾಗುವುದು ಮುಂದಿನ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ನಮ್ಮಲ್ಲಿ ಫೈನಲ್ ರಿಸಲ್ಟ್ ಬಂದ ಮೇಲೆ ಜೂನ್‌ನಲ್ಲಿ ವಿಚಾರಿಸುತ್ತಾ ಹೋದರೆ ಒಂದು ವರ್ಷ ಆಗಲೇ ಹೋಗಿರುತ್ತದೆ.

ಪತ್ರ ಬರೆಯುವವರು ಯಾರು?

ಅರ್ಜಿಯೊಂದಿಗೆ ಮೂರು ಅಧ್ಯಾಪಕರ ಶಿಫಾರಸು ಪತ್ರ ಬೇಕು. "ಇವನು ಶಿಸ್ತಿನ ಹುಡುಗ, ಒಳ್ಳೆಯ ಗುಣ ನಡತೆ" ಎಂಬ ಪತ್ರದಿಂದ ಪ್ರಯೋಜನ ಇಲ್ಲ. ಯಾವ ಪುಸ್ತಕ ಓದಿದ್ದಾನೆ, ಯಾವ ಕಷ್ಟದ ಲೆಕ್ಕಕ್ಕೆ ಸ್ವಂತ ದಾರಿ ಹುಡುಕಿದ್ದಾನೆ ಎಂದು ಕಣ್ಣಾರೆ ಕಂಡವರು ಬರೆಯಬೇಕು.

ಶ್ರೀನಿವಾಸ ರಾಮಾನುಜನ್ ಅವರಿಗೆ ಆದದ್ದೂ ಹಾಗೆಯೇ. ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತ. 1913ರಲ್ಲಿ ಹಾರ್ಡಿಗೆ ಪತ್ರ ಬರೆದದ್ದು ಎಲ್ಲರಿಗೂ ಗೊತ್ತು. ಹಣ ಎಲ್ಲಿಂದ ಬಂತು ಎಂಬುದನ್ನು ನಾವು ಕೇಳುವುದಿಲ್ಲ. 1914ರ ಆರಂಭದಲ್ಲಿ ಕೇಂಬ್ರಿಡ್ಜ್‌ನ ನೆವಿಲ್ ಎಂಬ ಅಧ್ಯಾಪಕ ಉಪನ್ಯಾಸಕ್ಕೆ ಮದ್ರಾಸಿಗೆ ಬಂದಿದ್ದರು. ರಾಮಾನುಜನ್ ಅವರ ನೋಟ್‌ಬುಕ್ ನೋಡಿ ಬೆರಗಾಗಿ ಮದ್ರಾಸ್ ಯೂನಿವರ್ಸಿಟಿಗೆ ಪತ್ರ ಬರೆದರು. ಯೂನಿವರ್ಸಿಟಿ ವರ್ಷಕ್ಕೆ 250 ಪೌಂಡ್ ಸ್ಕಾಲರ್‌ಶಿಪ್, ಮೇಲಿಂದ ಪ್ರಯಾಣದ ಖರ್ಚು ಮಂಜೂರು ಮಾಡಿತು.

ನೋಟ್‌ಬುಕ್ ನೋಡುವವರ ಹತ್ತಿರ ನಮ್ಮ ಮಕ್ಕಳು ಹೋಗುವುದು ಹೇಗೆ? ಅದಕ್ಕೂ ದಾರಿ ಉಂಟು. 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಎಂಬ ಬೇಸಿಗೆ ಶಿಬಿರಕ್ಕೆ ಬಿ.ಎಸ್ಸಿ. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಿಯುಸಿ ಆದ ಕೂಡಲೇ ಬಿ.ಮ್ಯಾತ್ ಸೇರಬಹುದು, ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಎರಡಕ್ಕೂ ಪ್ರವೇಶ ಪರೀಕ್ಷೆ. ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ. ಮಾಡಿದವರು 'ಜಾಮ್' ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ. ಸೇರಬಹುದು. ಕೊಣಾಜೆಯ ಮಂಗಳೂರು ವಿವಿಯಲ್ಲೂ ಗಣಿತ ಎಂ.ಎಸ್ಸಿ. ಇದೆ. ಒಂದು ಸಂಗತಿ ನೆನಪಿಡಬೇಕು: ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಹೊರದೇಶದ ಹಲವು ಯೂನಿವರ್ಸಿಟಿಗಳು ಒಟ್ಟು 16 ವರ್ಷದ ಓದು ಕೇಳುತ್ತವೆ. ಹಾಗಾಗಿ ಎಂ.ಎಸ್ಸಿ. ಮುಗಿಸಿ ಅರ್ಜಿ ಹಾಕುವುದು ಕ್ಷೇಮ.

ಇನ್ನು ಇಂಗ್ಲಿಷಿನ ಹೆದರಿಕೆ. ಗಣಿತದ ಅತಿ ದೊಡ್ಡ ಗೌರವವಾದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಪಡೆದ ಮೊದಲ ಮಹಿಳೆ ಇರಾನಿನ ಮರಿಯಂ ಮಿರ್ಜಾಖಾನಿ. ಟೆಹ್ರಾನಿನಲ್ಲಿ ಪದವಿ ಮುಗಿಸಿ ಹಾರ್ವರ್ಡ್‌ಗೆ ಪಿಎಚ್.ಡಿ.ಗೆ ಹೋದಾಗ ಅವರು ತರಗತಿಯಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದದ್ದು ಫಾರ್ಸಿಯಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ಕನ್ನಡದಲ್ಲಿ ಬರೆದುಕೊಂಡರೆ ಯಾರು ಬೇಡ ಅನ್ನುತ್ತಾರೆ? ಟೋಫೆಲ್ ಅಥವಾ ಐಇಎಲ್‌ಟಿಎಸ್ ಪಾಸಾಗುವಷ್ಟು ಇಂಗ್ಲಿಷ್ ಬೇಕು, ಅದು ಅಭ್ಯಾಸದಿಂದ ಬರುತ್ತದೆ.

ಐವತ್ತು ಸಾವಿರದ ಗೋಡೆ

ಈಗ ನಿಜವಾದ ತಾಪತ್ರಯಕ್ಕೆ ಬರೋಣ. ಅಮೆರಿಕದ ಯೂನಿವರ್ಸಿಟಿಯೊಂದರ ಅರ್ಜಿ ಶುಲ್ಕ ಹೆಚ್ಚಾಗಿ 75ರಿಂದ 100 ಡಾಲರ್. ಒಂದೆರಡು ಕಡೆ ಹಾಕಿ ಕೂತರೆ ಆಗುವುದಿಲ್ಲ, ಎಂಟು ಕಡೆಯಾದರೂ ಹಾಕಬೇಕು. ಅಲ್ಲಿಗೇ 600ರಿಂದ 800 ಡಾಲರ್, ರೂಪಾಯಿಯಲ್ಲಿ ಐವತ್ತು ಸಾವಿರದ ಮೇಲೆ. ಇಂಗ್ಲಿಷ್ ಪರೀಕ್ಷೆ, ಅಂಕಪಟ್ಟಿ ಕಳಿಸುವ ಖರ್ಚು ಬೇರೆ. ಸೀಟು ಸಿಕ್ಕಿದ ಮೇಲೆ 350 ಡಾಲರ್ ಸೆವಿಸ್ ಶುಲ್ಕ, ವೀಸಾ ಶುಲ್ಕ, ವಿಮಾನದ ಟಿಕೆಟ್, ಅಲ್ಲಿ ಮನೆ ಬಾಡಿಗೆಯ ಡೆಪಾಸಿಟ್. ಮೊದಲ ಸ್ಟೈಪೆಂಡ್ ಕೈಗೆ ಬರುವುದು ಕೆಲಸ ಶುರುವಾಗಿ ತಿಂಗಳಾದ ಮೇಲೆಯೇ.

ಕೋಟಿ ಕೊಡುವ ಯೂನಿವರ್ಸಿಟಿ ಈ ಹಣ ಕೊಡುವುದಿಲ್ಲ. ರಿಕ್ಷಾ ಓಡಿಸುವ, ಮೀನು ಮಾರುವ, ಬೀಡಿ ಕಟ್ಟುವ ಮನೆಯ ಮಗುವಿನ ದಾರಿ ಇಲ್ಲಿ ನಿಂತುಹೋಗುತ್ತದೆ. ಅರ್ಜಿಯೇ ಹೋಗದಿದ್ದರೆ ಪ್ರತಿಭೆ ಇತ್ತೆಂದು ಯಾರಿಗೂ ಗೊತ್ತಾಗುವುದೂ ಇಲ್ಲ. ಕೆಲವು ಯೂನಿವರ್ಸಿಟಿಗಳು ಕೇಳಿದರೆ ಅರ್ಜಿ ಶುಲ್ಕ ಬಿಟ್ಟುಕೊಡುತ್ತವೆ. ನಾಚಿಕೆ ಬಿಟ್ಟು ಇಮೇಲ್ ಬರೆದು ಕೇಳಬೇಕು. ಉಳಿದದ್ದಕ್ಕೆ ನಾವಿದ್ದೇವೆ ಎಂದು ಊರು ಹೇಳಬೇಕು.

ನಮ್ಮ ಜಮಾಅತ್‌ಗಳು, ಗಲ್ಫಿನಲ್ಲಿರುವ ನಮ್ಮ ಸಂಘಟನೆಗಳು ವಿದ್ಯಾಭ್ಯಾಸಕ್ಕೆ ನೆರವಾಗುತ್ತಲೇ ಬಂದಿವೆ. ಹೆಚ್ಚಾಗಿ ಆ ಹಣ ಸಿಗುವುದು ಸೀಟು ಸಿಕ್ಕಿದ ಮೇಲೆ, ಅಡ್ಮಿಶನ್ ಲೆಟರ್ ತೋರಿಸಿದ ಮೇಲೆ. ಗಣಿತದಂಥ ವಿಷಯಕ್ಕೆ ಹಣ ಬೇಕಾದದ್ದು ಅದಕ್ಕಿಂತ ಮೊದಲು, ಅಕ್ಟೋಬರ್-ನವೆಂಬರ್‌ನಲ್ಲಿ. ವರ್ಷಕ್ಕೆ ಇಬ್ಬರ ಅರ್ಜಿ ಖರ್ಚು ವಹಿಸಿಕೊಂಡರೂ ಒಂದೆರಡು ಲಕ್ಷದೊಳಗೆ ಮುಗಿಯುತ್ತದೆ. ಸೀಟು ಸಿಗದೆಯೂ ಹೋಗಬಹುದು. ಆ ನಷ್ಟಕ್ಕೆ ತಯಾರಿದ್ದು ಕೊಡಬೇಕಾದ ಹಣ ಇದು.

ಹೆತ್ತವರಲ್ಲಿ ಒಂದು ಮಾತು

ಇದು ಗಲ್ಫಿನ ಸಂಬಳದ ಹಾಗಲ್ಲ. ಸ್ಟೈಪೆಂಡ್‌ನಲ್ಲಿ ಒಬ್ಬರು ಸರಳವಾಗಿ ಬದುಕಬಹುದು, ತಂಗಿಯ ಮದುವೆಗೆ, ಮನೆ ಕಟ್ಟಲು ತಿಂಗಳು ತಿಂಗಳು ಕಳಿಸುವಷ್ಟು ಉಳಿಯುವುದಿಲ್ಲ. ಐದಾರು ವರ್ಷ ಮನೆಯವರು ತಾಳಬೇಕು. ಮೊದಲ ಎರಡು ವರ್ಷದಲ್ಲಿ ಕಠಿಣ ಅರ್ಹತಾ ಪರೀಕ್ಷೆಗಳಿರುತ್ತವೆ, ಅದರಲ್ಲಿ ದಾಟದಿದ್ದವರು ಮಾಸ್ಟರ್ಸ್ ಪದವಿಯೊಂದಿಗೆ ಹೊರಬರಬೇಕಾಗುತ್ತದೆ. ಮುಗಿಸಿದವರಿಗೆ ಕಾಲೇಜು, ಸಂಶೋಧನಾ ಸಂಸ್ಥೆ, ಬ್ಯಾಂಕಿಂಗ್, ಸಾಫ್ಟ್‌ವೇರ್, ಎಲ್ಲ ಕಡೆ ಬೇಡಿಕೆ ಉಂಟು. ಹುಡುಗಿಯನ್ನು ಕಳಿಸುವುದಾದರೆ ಮದುವೆಯ ಮಾತು ಮಧ್ಯದಲ್ಲಿ ಬಂದೇ ಬರುತ್ತದೆ. ಹೋಗುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು.

ಈ ಪುಟ ಓದುವ ಮನೆಯಲ್ಲಿ ಲೆಕ್ಕದ ಹುಚ್ಚಿರುವ ಮಗು ಇದ್ದರೆ ಈ ವಾರವೇ ಒಂದು ಕೆಲಸ ಮಾಡಬಹುದು. ಪಿಯುಸಿಯಲ್ಲಿದ್ದರೆ ಐಎಸ್ಐ ಮತ್ತು ಚೆನ್ನೈ ಸಂಸ್ಥೆಯ ಹಳೆಯ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿಕೊಡಿ. ಬಿ.ಎಸ್ಸಿ.ಯಲ್ಲಿದ್ದರೆ ಎಂಟಿಟಿಎಸ್ ಅರ್ಜಿ ಯಾವಾಗ ಎಂದು ನೋಡಿ. ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದರೆ ಪತ್ರ ಬರೆಯಬಲ್ಲ ಮೂವರು ಅಧ್ಯಾಪಕರು ಯಾರು ಎಂದು ಕೇಳಿ. ಮೂರು ಹೆಸರು ಹೇಳಲು ಅವನು ತಡವರಿಸಿದರೆ, ಆ ಮೂವರನ್ನು ಸಂಪಾದಿಸಲು ಇನ್ನೂ ಒಂದು ವರ್ಷ ಇದೆ.