ಹುಲ್ಲಿನ ತುದಿಯಲ್ಲಿ ಕಾದು ಕೂತ ಉಣುಗು

ಮಳೆಗಾಲದಲ್ಲಿ ಕೊಡಚಾದ್ರಿಗೋ ಕುದುರೆಮುಖಕ್ಕೋ ಹೊರಡುವವರು ಇಂಬಳಕ್ಕೆ ಹೆದರಿ ಉಪ್ಪು, ಸುಣ್ಣ, ಹೊಗೆಸೊಪ್ಪು ಎಲ್ಲವನ್ನೂ ಹೊಂದಿಸಿಕೊಳ್ಳುತ್ತಾರೆ. ಇಂಬಳ ಕಚ್ಚಿದರೆ ರಕ್ತ ಸುರಿದು ಗಾಬರಿಯಾಗುತ್ತದೆ, ಅಷ್ಟೇ. ಮಳೆ ನಿಂತು ದಾರಿ ಒಣಗಿ, ಇನ್ನು ಕಾಡು ಸುತ್ತಲು ಹೆದರಿಕೆಯಿಲ್ಲ ಎಂದುಕೊಳ್ಳುವ ಹೊತ್ತಿಗೆ ಮಲೆನಾಡಿನ ತರಗೆಲೆಯ ನಡುವೆ ಉಣುಗುಗಳು ಏಳುತ್ತವೆ. ನಿಜವಾಗಿ ಹೆದರಬೇಕಾದ್ದು ಇವಕ್ಕೆ. ಆದರೆ ಇವು ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತವೂ ಸುರಿಯುವುದಿಲ್ಲ. ಹಾಗಾಗಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಕೆಲವು ಕಡೆ ಉಣ್ಣೆ, ಉಣ್ಣಿ ಎಂದೂ ಕರೆಯುವ ಇದು ಕೀಟವಲ್ಲ. ಜೇಡ, ಚೇಳುಗಳ ಬಳಗದ್ದು. ದನದ ಕಿವಿಯಲ್ಲಿ, ನಾಯಿಯ ಕುತ್ತಿಗೆಯಲ್ಲಿ ರಕ್ತ ಕುಡಿದು ಉಬ್ಬಿಕೊಂಡದ್ದನ್ನು ಎಲ್ಲರೂ ನೋಡಿರುತ್ತಾರೆ. ಪಶ್ಚಿಮಘಟ್ಟದ ಕಾಡಿನಲ್ಲಿ ನಮಗೆ ಮುಖ್ಯವಾದ ಜಾತಿ ಹಿಮಾಫೈಸಾಲಿಸ್ ಸ್ಪಿನಿಜೆರಾ. ಅದು ಬದುಕಿನಲ್ಲಿ ಮೂರೇ ಸಲ ಉಣ್ಣುತ್ತದೆ: ಆರು ಕಾಲಿನ ಮರಿಯಾಗಿದ್ದಾಗ ಒಮ್ಮೆ, ಎಂಟು ಕಾಲು ಮೂಡಿದ ಎಳೆಯ ಹಂತದಲ್ಲಿ ಒಮ್ಮೆ, ಬಲಿತ ಮೇಲೆ ಒಮ್ಮೆ. ಪ್ರತಿ ಊಟಕ್ಕೂ ಬೇರೆ ಪ್ರಾಣಿ. ಬಲಿತವು ಮಳೆಗಾಲದಲ್ಲಿ ದನಕರು, ಕಡವೆಗಳಂಥ ದೊಡ್ಡ ಪ್ರಾಣಿಗಳನ್ನು ಹತ್ತುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ಮಳೆ ಕಳೆದ ಮೇಲೆ ಹೊರಬರುತ್ತವೆ. ಎಳೆಯವುಗಳ ಕಾಲ ಸುಮಾರು ಡಿಸೆಂಬರಿನಿಂದ ಮೇ ವರೆಗೆ. ಮನುಷ್ಯರಿಗೆ ಹೆಚ್ಚು ಕಾಟ ಕೊಡುವುದು ಗಸಗಸೆ ಕಾಳಿನಷ್ಟಿರುವ ಈ ಎಳೆಯವೇ.

ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ. ಮರದ ಮೇಲಿಂದ ತಲೆಗೆ ಉದುರುತ್ತದೆ ಎಂಬುದೂ ಬರೀ ನಂಬಿಕೆ. ಈ ಜಾತಿಗೆ ಕಣ್ಣೂ ಇಲ್ಲ. ಅದಕ್ಕೆ ಗೊತ್ತಿರುವುದು ಕಾಯುವುದು ಮಾತ್ರ. ಹುಲ್ಲಿನ ಎಸಳನ್ನೋ ಪೊದೆಯ ಎಲೆಯನ್ನೋ ಹತ್ತಿ ತುದಿಯಲ್ಲಿ ಹಿಂಗಾಲುಗಳಿಂದ ಹಿಡಿದು ಕೂರುತ್ತದೆ. ಮುಂಗಾಲುಗಳನ್ನು ಗಾಳಿಯಲ್ಲಿ ಚಾಚುತ್ತದೆ. ಆ ಮುಂಗಾಲುಗಳ ತುದಿಯಲ್ಲಿ ಹಾಲರ್ ಅಂಗ ಎಂಬ ಪುಟ್ಟ ಗುಳಿಯಿದೆ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ, ಮೈಯ ಬಿಸಿ ಎಲ್ಲವನ್ನೂ ಅದು ಅಲ್ಲಿಂದಲೇ ಗ್ರಹಿಸುತ್ತದೆ. ಬಟ್ಟೆ ಉಜ್ಜಿಕೊಂಡು ಹೋದರೆ ಸಾಕು, ತಕ್ಷಣ ಅಂಟಿಕೊಳ್ಳುತ್ತದೆ. ಬಹಳ ಹೊತ್ತು ಕಾದು ಮೈ ಒಣಗಿದರೆ ಕೆಳಗಿಳಿದು ತೇವದ ತರಗೆಲೆಯೊಳಗೆ ಸೇರಿ, ಗಾಳಿಯಲ್ಲಿರುವ ನೀರಿನ ಅಂಶವನ್ನೇ ಹೀರಿಕೊಂಡು ಮತ್ತೆ ಹತ್ತುತ್ತದೆ. ನಡೆದು ದಣಿದವರು ನೆರಳು ಕಂಡಲ್ಲಿ ತರಗೆಲೆಯ ಮೇಲೆ ಕಾಲು ಚಾಚಿ ಕೂರುತ್ತಾರಲ್ಲ, ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಮೈಗೆ ಹತ್ತಿದ ಕೂಡಲೇ ಅದು ಕಚ್ಚುವುದಿಲ್ಲ. ಮೊಣಕಾಲಿನ ಹಿಂದೆ, ತೊಡೆಸಂದು, ಸೊಂಟಪಟ್ಟಿ, ಕಂಕುಳು, ಕಿವಿಯ ಹಿಂಭಾಗ, ಹೀಗೆ ತೆಳು ಚರ್ಮದ ಬೆಚ್ಚಗಿನ ಜಾಗ ಹುಡುಕುತ್ತ ಅಲೆಯುತ್ತದೆ. ನಮಗೆ ಸಿಗುವ ಅವಕಾಶ ಅಷ್ಟೇ. ಜಾಗ ಸಿಕ್ಕಮೇಲೆ ಚರ್ಮವನ್ನು ಕೊಯ್ದು, ಹಿಮ್ಮುಖವಾದ ಮುಳ್ಳುಗಳಿರುವ ಬಾಯಿಯ ಭಾಗವನ್ನು ಒಳಗೆ ಇಳಿಸುತ್ತದೆ. ಸುತ್ತಲೂ ಗಟ್ಟಿಯಾಗುವ ಅಂಟನ್ನು ಸುರಿಸಿ ತನ್ನನ್ನೇ ಬೆಸೆದುಕೊಳ್ಳುತ್ತದೆ. ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿವೆ. ಹಾಗಾಗಿಯೇ ದಿನಗಟ್ಟಲೆ ಅಲ್ಲೇ ಕೂತು ಹೀರಿದರೂ ನಮಗೆ ಸುದ್ದಿಯಿರುವುದಿಲ್ಲ.

ಆ ಜೊಲ್ಲಿನ ಜೊತೆ ಏನು ಬರಬಹುದು ಎಂಬುದು ಜಗತ್ತಿಗೆ ಗೊತ್ತಾದದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲಾಗಿ ಸತ್ತವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಬರುವ ಮಿದುಳುಜ್ವರದ ವೈರಸ್ಸಿನ ಹತ್ತಿರದ ನೆಂಟ. ಜನ ಮಂಗನ ಕಾಯಿಲೆ ಎಂದರು. ಪಾಪ, ಮಂಗವೂ ನಮ್ಮಂತೆಯೇ ರೋಗಕ್ಕೆ ಬಲಿಯಾಗುವ ಪ್ರಾಣಿ. ಅದು ಸತ್ತಾಗ ಮೈಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದು ಹರಡುತ್ತವೆ, ಹಾಗಾಗಿ ಆ ಜಾಗ ಅಪಾಯದ್ದಾಗುತ್ತದೆ. ದಶಕಗಳ ಕಾಲ ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳದ್ದು ಎಂದುಕೊಂಡಿದ್ದ ರೋಗ 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು. ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಗಡಿಯಲ್ಲೂ ಕಂಡಿತು. 2019ರ ಬೇಸಿಗೆಗೆ ಮೊದಲು ಸಾಗರ ತಾಲ್ಲೂಕಿನ ಅರಳಗೋಡು ಗ್ರಾಮ ಈ ರೋಗದಿಂದ ಪಟ್ಟ ಪಾಡು ಮಲೆನಾಡಿಗರಿಗೆ ಇನ್ನೂ ನೆನಪಿದೆ.

ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ಸಲಹೆಗಳನ್ನು ಓದಿ, ಒಂದು ದಿನದೊಳಗೆ ಉಣುಗು ಕಿತ್ತರೆ ಭಯವಿಲ್ಲ ಎಂದು ನಿಶ್ಚಿಂತರಾಗಿರುವವರಿದ್ದಾರೆ. ಆ ಲೆಕ್ಕ ಅಲ್ಲಿನ ಲೈಮ್ ರೋಗದ್ದು. ಅದರ ಬ್ಯಾಕ್ಟೀರಿಯಾ ಉಣುಗಿನ ಕರುಳಿನಿಂದ ಜೊಲ್ಲಿಗೆ ಬರಲು ಹೊತ್ತು ಹಿಡಿಯುತ್ತದೆ. ಮಂಗನ ಕಾಯಿಲೆಯ ವೈರಸ್ ಕುಟುಂಬದ ಕಥೆಯೇ ಬೇರೆ. ಈ ವೈರಸ್‌ಗಳು ಜೊಲ್ಲುಗ್ರಂಥಿಯಲ್ಲೇ ಬೀಡುಬಿಟ್ಟಿರುತ್ತವೆ. ಕಚ್ಚಲು ಬಿಡದಿರುವುದೇ ಇಲ್ಲಿ ಜಾಣತನ.

ಅದೇನೂ ಕಷ್ಟವಲ್ಲ. ತಿಳಿಬಣ್ಣದ ತುಂಬುತೋಳಿನ ಅಂಗಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳುವುದು. ನೋಡಲು ಚೆಂದವಿಲ್ಲ, ಇರಲಿ. ಕೆಳಗಿಂದ ಹತ್ತುವ ಉಣುಗು ಬಟ್ಟೆಯ ಮೇಲೇ ಉಳಿದು ಕಣ್ಣಿಗೆ ಬೀಳುತ್ತದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಹಂಚುವ ಡೆಪಾ ಎಣ್ಣೆಯನ್ನೋ ಅಂಗಡಿಯಲ್ಲಿ ಸಿಗುವ ಡೀಟ್ ಇರುವ ಮುಲಾಮನ್ನೋ ಕೈಕಾಲಿಗೆ ಹಚ್ಚಬಹುದು. ಕಾಲುದಾರಿಯ ನಡುವೆ ನಡೆಯಿರಿ. ದನ ಮೇಯುವ ಪೊದೆಯಂಚು ಬೇಡ. ಮರಿಗಳು ಗುಂಪಾಗಿ ಮುತ್ತಿದರೆ ಅಂಟುಟೇಪು ಒತ್ತಿ ಎತ್ತಿದರೆ ಬರುತ್ತವೆ. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಕುದಿನೀರಿಗೆ ಹಾಕಿ. ತಣ್ಣೀರಿನ ಒಗೆತಕ್ಕೆಲ್ಲ ಉಣುಗು ಸಾಯುವುದಿಲ್ಲ. ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡುತ್ತ, ಮೈಯೆಲ್ಲ ಕೈಯಾಡಿಸಿ ನೋಡಿಕೊಳ್ಳಿ.

ಕಚ್ಚಿ ಕೂತಿದ್ದರೆ? ಸೀಮೆಎಣ್ಣೆ ಹಾಕು, ಸುಣ್ಣ ಹಚ್ಚು, ಬೀಡಿ ತಾಗಿಸು ಎನ್ನುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಕೆರಳಿದ ಉಣುಗು ಇನ್ನಷ್ಟು ಜೊಲ್ಲನ್ನು ಒಳಗೆ ಬಿಡುವ ಅಪಾಯವಿದೆ. ಚೂಪುತುದಿಯ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ, ಹೊಟ್ಟೆಯನ್ನಲ್ಲ ಬಾಯಿಯ ಭಾಗವನ್ನು ಹಿಡಿದು, ತಿರುಚದೆ, ಥಟ್ಟನೆ ಜಗ್ಗದೆ, ಒಂದೇ ಸಮನೆ ನೇರ ಮೇಲಕ್ಕೆ ಎಳೆಯಿರಿ. ಉಗುರಿನಲ್ಲಿ ಕುಕ್ಕಿ ಒಡೆಯಬೇಡಿ. ಗಾಯವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ಮಂಗನ ಕಾಯಿಲೆಗೆ ನೇರವಾದ ಔಷಧವಿಲ್ಲ. ಹಳೆಯ ಲಸಿಕೆಯೂ ಪರಿಣಾಮ ಸಾಲದೆ 2022ರಲ್ಲಿ ನಿಂತಿತು. ನೂರು ರೋಗಿಗಳಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಬೇಗ ಗುರುತಿಸಿ ಆರೈಕೆ ಮಾಡಿದರೆ ಹೆಚ್ಚಿನವರು ಗುಣವಾಗುತ್ತಾರೆ. ಕಾಡಿನಿಂದ ಬಂದ ವಾರ, ಹತ್ತು ದಿನದೊಳಗೆ ಒಮ್ಮೆಲೇ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಬೆಂಗಳೂರಿನ ವೈದ್ಯರಿಗೆ ಮಂಗನ ಕಾಯಿಲೆ ಮೊದಲು ಹೊಳೆಯಲಿಕ್ಕಿಲ್ಲ, ಡೆಂಗಿ ಪರೀಕ್ಷೆ ಬರೆದಾರು. ಯಾವ ಕಾಡಿಗೆ ಯಾವಾಗ ಹೋಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯದೆ, ಸಮೀಪದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಸುದ್ದಿ ಮುಟ್ಟಿಸಿ.