ಬಲೆಯ ಕಣ್ಣಿನಲ್ಲಿ ಮೀನಿನ ಭವಿಷ್ಯ

ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟಿನಿಂದ ಇಳಿಯುವ ಅಂಜಲ್, ಬೊಂಡಾಸ್, ಸಿಗಡಿಗೆ ಕೂಗಿ ಕೂಗಿ ಹರಾಜು ನಡೆಯುತ್ತದೆ. ಅದೇ ಬೋಟಿನಿಂದ ಇಳಿಯುವ ಇನ್ನೊಂದು ರಾಶಿಯನ್ನು ಯಾರೂ ಹೆಸರಿಟ್ಟು ಕೂಗುವುದಿಲ್ಲ. ಬೆರಳುದ್ದದ ಮದ್ಮಲ್, ಪಾಂಬೋಲಿನ ಮರಿ, ಪುಟ್ಟ ಏಡಿ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ತಟ್ಟೆಗೆ ಬಾರದ ಈ ಮೀನು ಲಾರಿ ಹತ್ತಿ ಫಿಶ್‌ಮೀಲ್ ಕಾರ್ಖಾನೆ ಸೇರುತ್ತದೆ. ಎರಡು ವರ್ಷ ಬಿಟ್ಟಿದ್ದರೆ ಒಳ್ಳೆಯ ಬೆಲೆ ತರಬಹುದಾಗಿದ್ದ ಮೀನೂ ಅಲ್ಲಿ ಪುಡಿಯಾಗಿ, ಸಾಕಣೆ ಕೊಳಗಳಿಗೆ ಆಹಾರವಾಗುತ್ತದೆ.

ಮೀನು ಕೊಳ್ಳುವಾಗ ನಾವು ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ನೋಡುತ್ತೇವೆ. ಅದನ್ನು ಯಾವ ಬಲೆಯಲ್ಲಿ ಹಿಡಿದರೆಂದು ಕೇಳುವವರು ಕಡಿಮೆ. ನಾಳೆಯೂ ಮೀನು ಸಿಗುತ್ತದೆಯೇ ಎಂಬುದಕ್ಕೆ ಉತ್ತರವಿರುವುದು ಈ ಕೇಳದ ಪ್ರಶ್ನೆಯಲ್ಲಿ.

ರಂಪಣಿಯಿಂದ ಪರ್ಸೀನ್‌ಗೆ

ಒಂದು ಕಾಲದಲ್ಲಿ ನಮ್ಮ ಕರಾವಳಿಯ ದೊಡ್ಡ ಬಲೆಯೆಂದರೆ ರಂಪಣಿ. ಬೂತಾಯಿ, ಬಂಗುಡೆಯ ಹಿಂಡು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಹೋಗಿ ಬಲೆ ಸುತ್ತಿ, ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಹಿಂಡು ತಾನಾಗಿ ದಡಕ್ಕೆ ಬರಬೇಕಿತ್ತು. ಬಾರದ ಹಿಂಡು ಉಳಿಯುತ್ತಿತ್ತು.

ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಯಂತ್ರದ ಬೋಟು ಹಿಂಡನ್ನು ಹುಡುಕಿಕೊಂಡು ಹೋಗಿ, ಸುತ್ತುಗಟ್ಟಿ, ಬಲೆಯ ತಳವನ್ನು ಹಗ್ಗದಿಂದ ಬಿಗಿದುಬಿಡುತ್ತದೆ. ದಡ ಮುಟ್ಟುವ ಮೊದಲೇ ಹಿಂಡು ಬೋಟು ಸೇರತೊಡಗಿತು, ರಂಪಣಿ ಮೂಲೆ ಸೇರಿತು. ಪರ್ಸೀನ್ ಕಡಲ ತಳವನ್ನು ಕೆದಕುವುದಿಲ್ಲ, ಹಿಂಡಿನ ಹೊರಗಿನ ಮೀನು ಅದಕ್ಕೆ ಹೆಚ್ಚು ಬೀಳುವುದೂ ಇಲ್ಲ. ಅದರ ತೊಂದರೆ ಇರುವುದು ಬಾಚುವ ಪ್ರಮಾಣದಲ್ಲಿ. ಜೊತೆಗೆ ರಾತ್ರಿ ಪ್ರಖರ ದೀಪ ಹಚ್ಚಿ ಮೀನು ಸೆಳೆದರೆ ಮರಿಯೂ ತಾಯಿಯೂ ಒಟ್ಟಿಗೆ ಬರುತ್ತವೆ. ಹಾಗಾಗಿಯೇ ಕೇಂದ್ರ ಸರ್ಕಾರ 2017ರಲ್ಲಿ ಲೈಟ್ ಫಿಶಿಂಗನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿತು.

ವಜ್ರವೋ ಚೌಕವೋ

ಟ್ರಾಲ್ ಬಲೆಯದು ಬೇರೆಯೇ ಕಥೆ. ಅದು ಕಡಲ ತಳವನ್ನು ಉಜ್ಜುತ್ತ ಸಾಗುತ್ತದೆ, ದಾರಿಗೆ ಸಿಕ್ಕಿದ್ದೆಲ್ಲ ತುದಿಯ ಚೀಲಕ್ಕೆ ಬೀಳುತ್ತದೆ. ಚೀಲದ ಕಣ್ಣು ವಜ್ರಾಕಾರದ್ದಾಗಿದ್ದರೆ, ಎಳೆತ ಬಿದ್ದೊಡನೆ ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಅಳತೆಯಲ್ಲಿ ದೊಡ್ಡದಿದ್ದರೂ ಮರಿಗೆ ದಾರಿ ಸಿಗದು. ಅದೇ ಬಲೆಯನ್ನು ಚೌಕ ಕಣ್ಣಿಗೆ ತಿರುಗಿಸಿ ಹೆಣೆದರೆ ಎಳೆತದಲ್ಲೂ ಕಣ್ಣು ತೆರೆದೇ ಇರುತ್ತದೆ, ಮರಿಗಳು ನುಸುಳಿ ಪಾರಾಗುತ್ತವೆ. ಕಡಲಾಮೆಗಳಿಗೂ ಹೀಗೇ ಒಂದು ಉಪಾಯವುಂಟು. ಬಲೆಯೊಳಗೆ ಓರೆಯಾಗಿ ಕಟ್ಟಿದ ಸರಳಿನ ಚೌಕಟ್ಟು ಸಿಗಡಿಯನ್ನು ಒಳಗೆ ಬಿಟ್ಟು, ಆಮೆಯನ್ನು ಮೇಲಿನ ಕಿಂಡಿಯಿಂದ ಹೊರಗೆ ದಾಟಿಸುತ್ತದೆ. ಇದಿಲ್ಲದ ಕಾರಣಕ್ಕೇ ಅಮೆರಿಕ ನಮ್ಮ ಕಡಲ ಸಿಗಡಿಗೆ ಬಾಗಿಲು ಹಾಕಿದೆ.

ಕಂತಬಲೆ ಹದವಾದುದು. ಕಣ್ಣಿಗಿಂತ ಸಣ್ಣ ಮೀನು ದಾಟಿಹೋಗುತ್ತದೆ, ತಕ್ಕ ಗಾತ್ರದ್ದು ಸಿಕ್ಕಿಕೊಳ್ಳುತ್ತದೆ. ಆದರೆ ಕಡಲಲ್ಲಿ ಕಳೆದುಹೋದ ನೈಲಾನ್ ಬಲೆ ಯಾರಿಗೂ ಉಪಯೋಗವಿಲ್ಲದೆ ಮೀನು ಕೊಲ್ಲುತ್ತಲೇ ಇರುತ್ತದೆ. ಗಾಳದಲ್ಲಿ ಒಂದೊಂದೇ ಮೀನು ಬರುತ್ತದೆ. ಲಕ್ಷದ್ವೀಪದ ಮಿನಿಕಾಯ್‌ನವರು ಗಾಳದ ಕೋಲಿನಿಂದಲೇ ತಲೆಮಾರುಗಳಿಂದ ಟ್ಯೂನಾ ಹಿಡಿಯುತ್ತ ಬಂದಿದ್ದಾರೆ.

ಮರಿಗೆ ಬೆಲೆ ಇರುವವರೆಗೆ

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಮಳೆಗಾಲದಲ್ಲಿ ಹಲವು ಮೀನು ಮೊಟ್ಟೆ ಇಡುತ್ತವೆ, ಆ 61 ದಿನ ಅವುಗಳಿಗೆ ಸಿಗುವ ಬಿಡುವು. ಆಗಸ್ಟಿನಲ್ಲಿ ಸಣ್ಣ ಕಣ್ಣಿನ ಬಲೆ ಇಳಿದರೆ, ಹೊಸ ಪೀಳಿಗೆ ಬೆಳೆಯುವ ಮೊದಲೇ ಅದರಲ್ಲಿ ಸಿಲುಕುತ್ತದೆ, ರಜೆಯ ಫಲ ಮಣ್ಣುಪಾಲಾಗುತ್ತದೆ.

ಕೇರಳ 2015ರಲ್ಲಿ ಹಿಡಿಯಬಹುದಾದ ಮೀನಿಗೆ ಕನಿಷ್ಠ ಗಾತ್ರ ಗೊತ್ತುಮಾಡಿತು: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅಳತೆಪಟ್ಟಿ ಹಿಡಿದು ಬಂದರಿನಲ್ಲೇ ನೋಡಬಹುದಾದ ಸರಳ ನಿಯಮವಿದು. ಹಾಗೆಂದು ಹೊಣೆಯನ್ನೆಲ್ಲ ಮೀನುಗಾರರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಡೀಸೆಲ್ ಖರ್ಚು, ಸಾಲದ ಕಂತು ತಲೆಯ ಮೇಲಿರುವಾಗ ಪಕ್ಕದ ಬೋಟು ಬಿಡದ ಮರಿಯನ್ನು ತಾನೊಬ್ಬನೇ ಬಿಡಲು ಬೋಟು ನಡೆಸುವ ಯಾವ ತಾಂಡೇಲನಿಗೂ ಆಗದು. ನಿಯಮ ಎಲ್ಲ ಬೋಟಿಗೂ ಒಂದೇ ಆಗಬೇಕು. ಚೌಕ ಕಣ್ಣಿನ ಬಲೆಗೆ ಸರ್ಕಾರ ಹಣ ಕೊಡಬೇಕು, ಕಾರ್ಖಾನೆಗಳು ಮರಿಮೀನು ಕೊಳ್ಳುವುದನ್ನು ನಿಲ್ಲಿಸಬೇಕು. ಬೆರಳುದ್ದದ ಬಂಗುಡೆಯನ್ನು ಅಗ್ಗವೆಂದು ಕೊಳ್ಳದೆ ಮುಂದೆ ನಡೆಯುವುದು ನಮ್ಮ ಪಾಲಿನ ಕೆಲಸ. ಮರಿಗೆ ಗಿರಾಕಿ ಇಲ್ಲವಾದ ದಿನ, ಅದನ್ನು ಹಿಡಿಯುವ ಬಲೆಗೂ ಕೆಲಸವಿರುವುದಿಲ್ಲ.