ತಲೆಯೊಳಗೆ ಕ್ಷಣದ ಛಳುಕು

ಪ್ರಶ್ನೆ: ಕೂತಲ್ಲೇ ತಲೆಯಾಗ ದಬ್ಬಣ ಚುಚ್ಚಿದಂಗ ಛಳಕ್ ಅಂತದ, ಮರುಗಳಿಗೆ ಹೋಗ್ತದ. ಗಡ್ಡಿ ಇರಬಹುದೇನ್ರಿ?
– ಓದುಗರು, ಕರಜಗಿ (ಅಫಜಲಪುರ ತಾ.)

ಉತ್ತರ: ಗಾಬರಿಯಾಗಬೇಡಿ. ಹೀಗೆ ಬಂದು ಹೋಗುವ ಚುಚ್ಚು ತಲೆನೋವಿನ ಹಿಂದೆ ಹೆಚ್ಚಿನವರಲ್ಲಿ ಗಡ್ಡೆಯಾಗಲಿ, ಬೇರೆ ರೋಗವಾಗಲಿ ಇರುವುದಿಲ್ಲ. ನೋವು ಬಹುತೇಕ ಮೂರು ಸೆಕೆಂಡಿನೊಳಗೇ ಮುಗಿಯುತ್ತದೆ. ಒಮ್ಮೆ ಹಣೆ, ಇನ್ನೊಮ್ಮೆ ನೆತ್ತಿ, ಹೀಗೆ ಜಾಗ ಬದಲಿಸುತ್ತದೆ. ನೋವಿನ ನರಗಳು ತಾವಾಗಿಯೇ ಕ್ಷಣಕಾಲ ಕೆರಳುವುದರಿಂದ ಹೀಗಾಗುತ್ತದೆಂದು ವೈದ್ಯರು ಭಾವಿಸುತ್ತಾರೆ. ಮೈಗ್ರೇನ್ ಇದ್ದವರಲ್ಲಿ ಇದು ಹೆಚ್ಚು. ಮೈಗ್ರೇನ್ ಅಪರೂಪವೂ ಅಲ್ಲ: ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 2,329 ಜನರ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಅದು ಕಂಡುಬಂದಿತ್ತು.

ಗುಳಿಗೆ ನುಂಗಿದರೆ ಅದು ಕರಗುವ ಮೊದಲೇ ನೋವು ಹೋಗಿರುತ್ತದೆ. ಪದೇ ಪದೇ ಕಾಡಿದರೆ ಇಂಡೊಮೆಥಾಸಿನ್ ಕೊಡುವುದುಂಟು. ಹೊಟ್ಟೆಗೆ, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಔಷಧವಾದ್ದರಿಂದ ವೈದ್ಯರು ಹೇಳದೆ ಬೇಡ.

ಮುಖ ತೊಳೆಯುವಾಗ, ರೊಟ್ಟಿ ಅಗಿಯುವಾಗ ಕೆನ್ನೆಗೆ ಕರೆಂಟು ಹೊಡೆದಂತಾದರೆ ಅದು ಬೇರೆಯದೇ ನರದ ನೋವು. ಯಾವಾಗಲೂ ಒಂದೇ ಜಾಗದಲ್ಲಿ ಚುಚ್ಚಿದರೆ ಒಮ್ಮೆ ಸ್ಕ್ಯಾನ್ ಮಾಡಿಸಿ. ಐವತ್ತು ದಾಟಿದವರಿಗೆ ಕಣತಲೆ ಮುಟ್ಟಿದರೆ ನೋವು, ಅಗಿದರೆ ದವಡೆ ನೋವು, ಕಣ್ಣು ಮಂಜು ಇದ್ದರೆ ತಡಮಾಡಬೇಡಿ, ದೃಷ್ಟಿಯೇ ಹೋಗಬಹುದು. ಸಿಡಿಲಿನಂಥ ತೀವ್ರ ನೋವು ನಿಲ್ಲದಿದ್ದರೆ, ಕೈಕಾಲು ಸೋತರೆ, ಮಾತು ತೊದಲಿದರೆ 108ಕ್ಕೆ ಕರೆಮಾಡಿ ಕೂಡಲೇ ಕಲಬುರಗಿಯ ದೊಡ್ಡ ಆಸ್ಪತ್ರೆ ಸೇರಬೇಕು.